ಮಳೆಗಾಲದ ಮರಿ, ಕೊಯ್ಲಿನ ಕಾಲದ ಒಂಟಿತನ: ನಾಯಿಮರಿಗೆ ಮುದ್ದೆಷ್ಟು, ಬಿಡುವೆಷ್ಟು?

ಕೊಡಗಿನಲ್ಲಿ ಜೂನ್ ತಿಂಗಳಿಗೆ ಮರಿ ತಂದರೆ ಮುಂದಿನ ಮೂರು ತಿಂಗಳು ಮನೆಮಂದಿಯೆಲ್ಲ ಹೆಚ್ಚುಕಡಿಮೆ ಒಳಗೇ ಇರುತ್ತಾರೆ. ಹೊರಗೆ ಜಡಿಮಳೆ, ಮಕ್ಕಳಿಗೆ ಆಗಾಗ ಮಳೆ ರಜೆ, ತೋಟದಲ್ಲೂ ಕೆಲಸ ಕಡಿಮೆ. ಮರಿ ಒಬ್ಬರ ಮಡಿಲಿನಿಂದ ಇನ್ನೊಬ್ಬರ ಮಡಿಲಿಗೆ ದಾಟುತ್ತಾ ಬೆಳೆಯುತ್ತದೆ. ಡಿಸೆಂಬರ್ ಹೊತ್ತಿಗೆ ಅರೇಬಿಕಾ ಕಾಫಿಯ ಕೊಯ್ಲು, ಅದರ ಬೆನ್ನಿಗೇ ರೋಬಸ್ಟಾ. ಬೆಳಗ್ಗೆ ಗಂಬೂಟು ಹಾಕಿ ಹೋದವರು ಸಂಜೆ ಹಣ್ಣು ತೂಕ ಮಾಡಿಸಿಯೇ ಬರುವುದು. ಏಳೆಂಟು ತಿಂಗಳ ನಾಯಿ ಅಲ್ಲಿಯವರೆಗೆ ಒಂದು ಗಂಟೆಯೂ ಒಂಟಿಯಾಗಿ ಕಳೆದಿರುವುದಿಲ್ಲ. ಬಾಗಿಲು ಕೆರೆಯುತ್ತದೆ, ಊಳಿಡುತ್ತದೆ, ಸೋಫಾ ಹರಿಯುತ್ತದೆ. ನೋಡಿದವರು ಮುದ್ದು ಮಾಡಿ ಕೆಡಿಸಿದ್ದೀರಿ ಅನ್ನುತ್ತಾರೆ. ಅದು ಕೆಟ್ಟದ್ದು ಮುದ್ದಿನಿಂದಲ್ಲ, ಒಂಟಿಯಾಗಿರುವುದನ್ನು ಯಾರೂ ಕಲಿಸದೇ ಇದ್ದುದರಿಂದ.

ಇನ್ನೊಂದು ತುದಿಯವರೂ ಇದ್ದಾರೆ. ಕಾವಲಿಗೆ ಬೇಕೆಂದು ಎರಡು ತಿಂಗಳ ಮರಿಯನ್ನು ಮೊದಲ ರಾತ್ರಿಯೇ ಸೌದೆ ಕೊಟ್ಟಿಗೆಯಲ್ಲಿ ಸರಪಳಿಗೆ ಬಿಗಿಯುತ್ತಾರೆ. ಅದರಿಂದ ಧೈರ್ಯದ ನಾಯಿ ಆಗುವುದಿಲ್ಲ. ಹೆದರಿ ಕಚ್ಚುವ ನಾಯಿ ಆಗುತ್ತದೆ. ಜೊತೆಗೆ, ಕಾಡಂಚಿನ ತೋಟಗಳಲ್ಲಿ ಕಟ್ಟಿಹಾಕಿದ ಮರಿ ಅಂದರೆ ಚಿರತೆಗೆ ಇಟ್ಟ ಎಡೆ. ದೊಡ್ಡ ನಾಯಿಯಾದರೂ ಕತ್ತಲಾದ ಮೇಲೆ ಮನೆಯೊಳಗೆ ಅಥವಾ ಗಟ್ಟಿ ಕಬ್ಬಿಣದ ಜಾಲರಿಯ ಗೂಡಿನಲ್ಲಿರಬೇಕು.

ಮೊದಲ ವಾರ: ಅಂಟಿಕೊಳ್ಳಲಿ ಬಿಡಿ

ಮರಿಗೆ ಎಂಟು ವಾರ ತುಂಬುವ ಮೊದಲು ತಾಯಿಯಿಂದ ಬೇರ್ಪಡಿಸಬೇಡಿ. ಒಡಹುಟ್ಟಿದವರ ಜೊತೆ ಕಚ್ಚಾಡುತ್ತಲೇ ಅದು ಹಲ್ಲಿನ ಬಿಗಿ ಎಷ್ಟಿರಬೇಕೆಂದು ಕಲಿಯುವುದು. ಬಂದ ಮೊದಲ ಮೂರ್ನಾಲ್ಕು ದಿನ ಒಂಟಿ ಬಿಡುವ ಅಭ್ಯಾಸ ಬೇಡ. ನಿಮ್ಮ ಹತ್ತಿರ ಭದ್ರವಾಗಿದ್ದೇನೆ ಅನ್ನುವುದು ಮನಸ್ಸಿಗೆ ಬಂದ ಮರಿಯೇ ಮುಂದೆ ದೂರ ಇರಬಲ್ಲದು.

ಮಲಗಲು ಒಂದು ಪೆಟ್ಟಿಗೆ ಅಥವಾ ಕ್ರೇಟ್ ಬೇಕು. ಎದ್ದು ನಿಂತು, ತಿರುಗಿ, ಕಾಲು ಚಾಚಿ ಮಲಗುವಷ್ಟು ಜಾಗ ಸಾಕು. ಅದಕ್ಕಿಂತ ದೊಡ್ಡದಾದರೆ ಒಂದು ಮೂಲೆಯಲ್ಲಿ ಉಚ್ಚೆ ಹೊಯ್ದು ಇನ್ನೊಂದು ಮೂಲೆಯಲ್ಲಿ ಮಲಗುತ್ತದೆ. ಮೊದಲ ರಾತ್ರಿಗಳಲ್ಲಿ ಪೆಟ್ಟಿಗೆ ನಿಮ್ಮ ಮಂಚದ ಪಕ್ಕದಲ್ಲೇ ಇರಲಿ, ಕೈ ಇಳಿಬಿಟ್ಟರೆ ತಾಗುವಷ್ಟು ಹತ್ತಿರ. ಮಡಿಕೇರಿ, ಭಾಗಮಂಡಲದ ಕಡೆಯ ಚಳಿಗೆ ಬಿಸಿನೀರಿನ ಬಾಟಲಿಯನ್ನು ದಪ್ಪ ಬಟ್ಟೆಯಲ್ಲಿ ಸುತ್ತಿ ಒಳಗಿಡಿ. ಗೋಣಿಚೀಲ ಹಾಸುವುದಾದರೆ ದಿನಾ ಒಲೆಯ ಹತ್ತಿರ ಒಣಗಿಸಬೇಕು. ಮಳೆಗಾಲದ ತೇವದ ಗೋಣಿ ಅಂದರೆ ಚರ್ಮಕ್ಕೆ ಬೂಸ್ಟು ಹಿಡಿದಂತೆಯೇ.

ಒಂದು ವಾರ ಕಳೆದ ಮೇಲೆ ಪೆಟ್ಟಿಗೆಯನ್ನು ರಾತ್ರಿಗೆ ಎರಡು ಅಡಿಯಂತೆ ಬಾಗಿಲ ಕಡೆ ಸರಿಸುತ್ತಾ ಹೋಗಿ. ಎಲ್ಲಿ ಅಳು ಜೋರಾಯಿತೋ ಅಲ್ಲಿಂದ ಒಂದು ಹೆಜ್ಜೆ ಹಿಂದೆ ತಂದು ಎರಡು ರಾತ್ರಿ ನಿಲ್ಲಿಸಿ. ಮರಿಯ ವಯಸ್ಸಿನ ತಿಂಗಳಿಗೆ ಒಂದು ಕೂಡಿಸಿದರೆ ಅದು ಉಚ್ಚೆ ಹಿಡಿದಿಟ್ಟುಕೊಳ್ಳಬಲ್ಲ ಗಂಟೆ ಸಿಗುತ್ತದೆ, ಸುಮಾರಾಗಿ. ಎರಡು ತಿಂಗಳ ಮರಿಗೆ ಮೂರು ಗಂಟೆ. ಹಾಗಾಗಿ ನಡುರಾತ್ರಿಯ ಅಳು ಯಾವಾಗಲೂ ಹಟ ಅಲ್ಲ. ದೀಪ ಹಾಕದೆ, ಮಾತಾಡದೆ ಎತ್ತಿಕೊಂಡು ಹೋಗಿ, ಕೆಲಸ ಮುಗಿಸಿ, ವಾಪಸ್ ಮಲಗಿಸಿ. ಹೊರಗೆ ಸುರಿಯುತ್ತಿದ್ದರೆ ಜಗಲಿಯ ಮೂಲೆಯಲ್ಲಿ ಒಂದು ಟ್ರೇಗೆ ಹುಲ್ಲಿನ ಹೆಂಟೆ ಕಿತ್ತು ಹಾಕಿಡಿ. ಕಾಫಿ ಸಿಪ್ಪೆ ಹಾಸಬೇಡಿ. ಮರಿ ಅದನ್ನು ಜಗಿಯುತ್ತದೆ, ಕೆಫೀನ್ ನಾಯಿಗೆ ವಿಷ.

ಮುದ್ದಿಗೂ ಒಂದು ರೀತಿ ಇದೆ

ಮೂರು ಸೆಕೆಂಡ್ ಸವರಿ, ಕೈ ತೆಗೆಯಿರಿ. ಮರಿ ತಾನೇ ಮೂತಿ ಒಡ್ಡಿ ಬಂದರೆ ಮುಂದುವರಿಸಿ. ಮುಖ ತಿರುಗಿಸಿದರೆ, ತುಟಿ ನೆಕ್ಕಿಕೊಂಡರೆ, ನಿದ್ದೆ ಇಲ್ಲದೆ ಆಕಳಿಸಿದರೆ ಸಾಕು ಅಂತ ಅರ್ಥ. ಮಕ್ಕಳಿಗೆ ಇದನ್ನು ಮೊದಲ ದಿನವೇ ಹೇಳಿಕೊಡಿ. ಹೋಂಸ್ಟೇ ನಡೆಸುವವರಂತೂ ಅತಿಥಿಗಳಿಗೂ ಹೇಳಬೇಕು. ದಿನಕ್ಕೆ ಹತ್ತು ಮಂದಿ ಎತ್ತಿ ಫೋಟೋ ತೆಗೆಸಿಕೊಳ್ಳುವ ಮರಿ ಆರು ತಿಂಗಳಿಗೆ ಅಪರಿಚಿತರ ಮೈಮೇಲೆ ಹಾರುತ್ತದೆ, ಇಲ್ಲವೇ ಕಂಡರೆ ಮಂಚದಡಿ ಸೇರುತ್ತದೆ.

ನಾಲ್ಕೂ ಕಾಲು ನೆಲದ ಮೇಲಿದ್ದಾಗ ಮಾತ್ರ ಮಾತಾಡಿಸಿ. ಕುಯ್ಯೆಂದು ಕರೆದಾಗಲೆಲ್ಲ ಓಡಿ ಹೋಗುವ ಬದಲು, ಅದು ಸುಮ್ಮನೆ ತನ್ನಷ್ಟಕ್ಕೆ ಮಲಗಿದ್ದಾಗ ಹಾದುಹೋಗುತ್ತಾ ಒಂದು ತುಣುಕು ತಿಂಡಿ ಹತ್ತಿರ ಹಾಕಿ. ಸುಮ್ಮನಿರುವ ಮರಿಯನ್ನು ಯಾರೂ ಗಮನಿಸುವುದಿಲ್ಲ, ಗಲಾಟೆ ಮಾಡಿದಾಗ ಎಲ್ಲರೂ ನೋಡುತ್ತಾರೆ. ಅರ್ಧ ಸಮಸ್ಯೆ ಅಲ್ಲೇ ಹುಟ್ಟುವುದು.

ನಮ್ಮ ಕಡೆ ಮುದ್ದಿನ ಜೊತೆಗೇ ಆಗಬೇಕಾದ ಕೆಲಸ ಜಿಗಣೆ, ಉಣ್ಣಿ ನೋಡುವುದು. ದಿನಕ್ಕೊಮ್ಮೆ ಐದು ನಿಮಿಷ ಕಿವಿಯೊಳಗೆ, ಬೆರಳುಗಳ ಸಂದಿ, ತೊಡೆಯ ಮೂಲ, ಬಾಲದ ಬುಡ ತಡಕಿ, ಪ್ರತಿ ಜಾಗಕ್ಕೂ ಒಂದು ತುಣುಕು ತಿಂಡಿ ಕೊಡಿ. ಹೀಗೆ ಕಲಿತ ಮರಿ ಮುಂದೆ ಡಾಕ್ಟರ ಮೇಜಿನ ಮೇಲೂ ಕೈ ಕಚ್ಚುವುದಿಲ್ಲ. ಜಿಗಣೆಯನ್ನು ಉಗುರಿನಿಂದ ಪಕ್ಕಕ್ಕೆ ಸರಿಸಿ ಬಿಡಿಸಿ, ಎಳೆಯಬೇಡಿ. ಮೂಗಿನೊಳಗೆ ಹೊಕ್ಕಿದ್ದರೆ ಪಶುವೈದ್ಯರೇ ತೆಗೆಯಬೇಕು.

ಕಚ್ಚುವ ಆಟದಲ್ಲಿ ಹಲ್ಲು ಜೋರಾಗಿ ತಾಗಿದ ಕೂಡಲೇ ಆಟ ನಿಲ್ಲಿಸಿ, ಎದ್ದು ಅರ್ಧ ನಿಮಿಷ ಆಚೆ ಹೋಗಿ. ಮೂತಿಗೆ ಹೊಡೆಯುವುದು ಬೇಡ. ಸಂಜೆ ಹೊತ್ತು ಹುಚ್ಚು ಹಿಡಿದಂತೆ ಕಚ್ಚುತ್ತಿದ್ದರೆ ಅದು ಕೊಬ್ಬಲ್ಲ, ನಿದ್ದೆ ಸಾಲದ್ದು. ಎಳೆಮರಿಗೆ ದಿನಕ್ಕೆ 18ರಿಂದ 20 ಗಂಟೆ ನಿದ್ದೆ ಬೇಕು. ಒಂದು ಗಂಟೆ ಎಚ್ಚರ, ಎರಡು ಗಂಟೆ ಪೆಟ್ಟಿಗೆಯಲ್ಲಿ ನಿದ್ದೆ ಎಂಬ ಲೆಕ್ಕದಲ್ಲಿ ನಡೆಸಿ. ಈ ನಿದ್ದೆಯೇ ಒಂಟಿ ಇರುವ ಮೊದಲ ಪಾಠವೂ ಹೌದು.

ಒಂಟಿ ಬಿಡುವ ಪಾಠ

ಇದನ್ನು ಮಳೆಗಾಲದಲ್ಲೇ, ಎಲ್ಲರೂ ಮನೆಯಲ್ಲಿರುವಾಗಲೇ ಶುರು ಮಾಡಬೇಕು. ಮರಿಗೆ ಒಂಬತ್ತು ವಾರವಾಗುವ ಹೊತ್ತಿಗೆ, ಅದು ಉಂಡು, ಉಚ್ಚೆ ಮುಗಿಸಿ, ಸ್ವಲ್ಪ ಆಡಿ ದಣಿದಿರುವಾಗ ಪೆಟ್ಟಿಗೆಗೆ ಬಿಟ್ಟು ಜಗಿಯಲು ಏನಾದರೂ ಕೊಡಿ. ನೀವು ಅದೇ ಕೋಣೆಯಲ್ಲಿ ಬೆನ್ನು ತಿರುಗಿಸಿ ಕೂರಿ. ಎರಡು ದಿನ ಇಷ್ಟೇ. ಆಮೇಲೆ ಕೋಣೆಯಿಂದ ಹೊರಗೆ ಮೂವತ್ತು ಸೆಕೆಂಡ್, ಒಂದು ನಿಮಿಷ, ಮೂರು, ಐದು, ಹತ್ತು, ಇಪ್ಪತ್ತು. ದಿನಕ್ಕೆ ಮೂರು ನಾಲ್ಕು ಸಲ. ಪ್ರತಿ ಸಲವೂ ಏರಿಸುತ್ತಲೇ ಹೋಗಬೇಡಿ; ಹತ್ತು ನಿಮಿಷದ ನಂತರ ಎರಡು ನಿಮಿಷ, ಆಮೇಲೆ ಹದಿನೈದು ಹೀಗೆ ಏರಿಳಿಸಿ. ಪ್ರತಿ ಸಲ ಹೆಚ್ಚು ಹೊತ್ತು ಆಗುತ್ತಿದೆ ಎಂದು ಮರಿಗೆ ತಿಳಿದರೆ ಬಾಗಿಲ ಸದ್ದಿಗೇ ಗಾಬರಿ ಶುರುವಾಗುತ್ತದೆ.

ಅಳುವಿನಲ್ಲಿ ಎರಡು ಬಗೆ. ಕುಯ್ಗುಟ್ಟಿ ಎರಡು ಮೂರು ನಿಮಿಷದಲ್ಲಿ ತಗ್ಗುತ್ತಾ ಬರುವುದು ಬರೀ ಗೊಣಗಾಟ, ಕಾಯಬಹುದು. ಸ್ವರ ಏರುತ್ತಾ ಹೋಗಿ, ಜೊಲ್ಲು ಸುರಿಸಿ, ಬಾಗಿಲು ಕೆರೆದು, ಕೊಟ್ಟ ತಿಂಡಿ ಮೂಸದೆ ಬಿಟ್ಟರೆ ಅದು ಭಯ. ಭಯಪಟ್ಟ ಮರಿಯನ್ನು ಅತ್ತು ಸುಮ್ಮನಾಗಲಿ ಎಂದು ಬಿಟ್ಟರೆ ಕಲಿಯುವುದು ಭಯವನ್ನೇ. ಒಳಗೆ ಹೋಗಿ ಸಮಾಧಾನ ಮಾಡಿ, ಮುಂದಿನ ಸಲ ಅದು ನೆಮ್ಮದಿಯಾಗಿದ್ದ ಅವಧಿಯ ಅರ್ಧದಿಂದ ಮತ್ತೆ ಶುರು ಮಾಡಿ. ಮನೆಯಲ್ಲಿ ಹಳೆಯ ಫೋನಿದ್ದರೆ ವಿಡಿಯೋಗೆ ಹಚ್ಚಿ ಹೋಗಿ, ಯಾವ ಬಗೆಯ ಅಳು ಎಂದು ಊಹಿಸುವ ಕಷ್ಟ ತಪ್ಪುತ್ತದೆ.

ನೀವು ಹೊರಡುವ ಸೂಚನೆಗಳನ್ನು ಮರಿ ಬೇಗ ಓದುತ್ತದೆ: ಗಂಬೂಟು, ರೇನ್‌ಕೋಟು, ಜೀಪಿನ ಕೀ. ದಿನಕ್ಕೆ ಎರಡು ಮೂರು ಸಲ ಗಂಬೂಟು ಹಾಕಿ ಎಲ್ಲೂ ಹೋಗದೆ ಕೂತು ಕಾಫಿ ಕುಡಿಯಿರಿ. ಕೀ ತೆಗೆದು ಮತ್ತೆ ಮೊಳೆಗೆ ನೇತುಹಾಕಿ. ನೋಡಿದವರಿಗೆ ವಿಚಿತ್ರ, ಆದರೆ ಕೆಲಸ ಮಾಡುತ್ತದೆ. ಹೊರಡುವಾಗಲೂ ಬಂದಾಗಲೂ ಸಂಭ್ರಮ ಬೇಡ, ಒಂದು ಮಾತು ಸಾಕು.

ಮೂರು ತಿಂಗಳೊಳಗಿನ ಮರಿಯನ್ನು ಒಂದೆರಡು ಗಂಟೆಗಿಂತ, ಆರು ತಿಂಗಳವರೆಗೆ ಮೂರ್ನಾಲ್ಕು ಗಂಟೆಗಿಂತ ಹೆಚ್ಚು ಒಂಟಿ ಬಿಡಬಾರದು. ಕೊಯ್ಲಿನ ದಿನಗಳಲ್ಲಿ ಮಧ್ಯಾಹ್ನ ಯಾರಾದರೂ ಬಂದು ಹೊರಗೆ ಬಿಟ್ಟು, ಊಟ ಹಾಕಿ ಹೋಗುವ ವ್ಯವಸ್ಥೆ ನವೆಂಬರ್‌ನಲ್ಲೇ ಗೊತ್ತು ಮಾಡಿಕೊಳ್ಳಿ, ಆ ವ್ಯಕ್ತಿಯ ಪರಿಚಯವೂ ಮರಿಗೆ ಮೊದಲೇ ಆಗಿರಲಿ.

ಸ್ವಾತಂತ್ರ್ಯ ಅಂದರೆ ತೋಟಕ್ಕೆ ಬಿಡುವುದಲ್ಲ

ನಮ್ಮಲ್ಲಿ ಇವೆರಡನ್ನೂ ಒಂದೇ ಎಂದುಕೊಂಡವರು ಬಹಳ. ತೋಟದಲ್ಲಿ ಹಂದಿಗೆ ಒಡ್ಡಿದ ಉರುಳಿರಬಹುದು, ಮುಳ್ಳುಹಂದಿ ಇರಬಹುದು. ಆನೆಯನ್ನು ಬೊಗಳಿ ಕೆಣಕಿದ ನಾಯಿ ಓಡಿ ಬರುವುದು ಯಜಮಾನನ ಕಾಲ ಬುಡಕ್ಕೇ, ಹಿಂದೆ ಆನೆಯೂ ಬರುತ್ತದೆ. ಶನಿವಾರಸಂತೆ ಕಡೆಯ ತೋಟಗಳಲ್ಲಿ ಆಫ್ರಿಕನ್ ಬಸವನಹುಳುವಿಗೆ ಹಾಕುವ ಮೆಟಾಲ್ಡಿಹೈಡ್ ಗುಳಿಗೆಗಳು ನಾಯಿಗೆ ಮಾರಕ: ನಡುಕ, ಸೆಳೆತ ಕಂಡರೆ ಗಂಟೆಗಟ್ಟಲೆ ಕಾಯುವಂತಿಲ್ಲ. ಐದರಿಂದ ಹತ್ತು ಮೀಟರ್ ಹಗ್ಗ ಕಟ್ಟಿ, ಮೂಸಲು, ಅಗೆಯಲು ಬಿಡಿ. ದಾರಿ ಅದರದ್ದು, ಹಗ್ಗದ ತುದಿ ನಿಮ್ಮದು. ಕರೆದಾಗ ಬಂದರೆ ತಿಂಡಿ ಕೊಟ್ಟು ಮತ್ತೆ ಆಡಲು ಬಿಡಿ. ಕರೆದಾಗಲೆಲ್ಲ ಆಟ ಮುಗಿಸಿ ಕಟ್ಟಿಹಾಕುತ್ತಿದ್ದರೆ ಬರುವುದನ್ನೇ ನಿಲ್ಲಿಸುತ್ತದೆ.

ಕೋವಿ ಸದ್ದಿಗೂ ಮೊದಲೇ ಸಿದ್ಧ ಮಾಡಬೇಕು. ಹೊಸ ಸಂಗತಿಗಳನ್ನು ಮರಿ ಸುಲಭವಾಗಿ ಒಪ್ಪಿಕೊಳ್ಳುವುದು ಮೂರರಿಂದ ಹದಿನಾಲ್ಕು ವಾರದೊಳಗೆ. ಸೆಪ್ಟೆಂಬರ್‌ನ ಆಯುಧಪೂಜೆಯ ಹಬ್ಬ ಕೈಲ್ ಮುಹೂರ್ತ, ನವೆಂಬರ್ ಡಿಸೆಂಬರ್‌ನ ಸುಗ್ಗಿ ಹಬ್ಬ ಹುತ್ತರಿ, ಎರಡರಲ್ಲೂ ಗುಂಡು ಹಾರಿಸುತ್ತಾರೆ, ನಡುವೆ ಆನೆ ಓಡಿಸುವ ಪಟಾಕಿ. ಊಟ ಹಾಕುವಾಗ ಗುಂಡಿನ ಸದ್ದಿನ ರೆಕಾರ್ಡಿಂಗ್ ತೀರ ಸಣ್ಣಗೆ ಹಚ್ಚಿ, ಕಿವಿ ನಿಗುರಿಸದಿದ್ದರೆ ಮಾತ್ರ ಮರುದಿನ ಒಂದಿಷ್ಟು ಏರಿಸಿ. ಹಬ್ಬದ ರಾತ್ರಿ ಒಳಕೋಣೆಯಲ್ಲಿ ಜೊತೆಗೆ ಕೂರಿ. ಹೆದರಿದಾಗ ಸಮಾಧಾನ ಮಾಡಿದರೆ ಭಯ ಹೆಚ್ಚುತ್ತದೆ ಅನ್ನುವುದು ಸುಳ್ಳು, ತಬ್ಬಿಕೊಳ್ಳಿ.

ಲಸಿಕೆ ಆರರಿಂದ ಎಂಟು ವಾರಕ್ಕೆ ಶುರುವಾಗಿ, ಮೂರು ನಾಲ್ಕು ವಾರಕ್ಕೊಮ್ಮೆ ಹದಿನಾರನೇ ವಾರದವರೆಗೆ. ರೇಬೀಸ್ ಲಸಿಕೆ ಮೂರು ತಿಂಗಳಿಗೆ. ನಮ್ಮ ಮಳೆಗೆ, ಇಲಿಗಳಿಗೆ ಲೆಪ್ಟೊ (ಇಲಿ ಜ್ವರ) ಸೇರಿದ ಲಸಿಕೆಯನ್ನೇ ಕೇಳಿ ಹಾಕಿಸಿ. ಅಷ್ಟರೊಳಗೆ ಗೋಣಿಕೊಪ್ಪ, ವಿರಾಜಪೇಟೆಯ ಸಂತೆ ತೋರಿಸಬೇಕೆಂದರೆ ತೋಳಲ್ಲೇ ಇಟ್ಟುಕೊಂಡು ಹೋಗಿ, ನೆಲಕ್ಕೆ ಬಿಡಬೇಡಿ. ವಾಂತಿ, ರಕ್ತಭೇದಿ ತರುವ ಪಾರ್ವೊ ರೋಗ ಬೇರೆ ನಾಯಿಗಳ ಮಲದಿಂದ ಬರುತ್ತದೆ.

ಊಟ ಮೂರು ತಿಂಗಳವರೆಗೆ ದಿನಕ್ಕೆ ನಾಲ್ಕು ಸಲ, ಆರರವರೆಗೆ ಮೂರು, ಆಮೇಲೆ ಎರಡು. ಪ್ರೀತಿ ಉಕ್ಕಿ ಹಂದಿ ಸಾರಿನ ಅನ್ನ ಹಾಕುವವರು ಗಮನಿಸಿ: ಅದರ ಈರುಳ್ಳಿ ನಾಯಿಯ ರಕ್ತಕಣಗಳನ್ನು ಒಡೆಯುತ್ತದೆ, ಕೊಬ್ಬಿನಿಂದ ಮೇದೋಜೀರಕ ಗ್ರಂಥಿ ಊದಿಕೊಳ್ಳಬಹುದು, ಬೆಂದ ಮೂಳೆ ಸೀಳಿ ಕರುಳಿಗೆ ಚುಚ್ಚುತ್ತದೆ.

ಆರರಿಂದ ಹತ್ತು ತಿಂಗಳ ನಡುವೆ ಕಲಿತದ್ದೆಲ್ಲ ಮರೆತಂತೆ ಆಡುವ ಕಾಲ ಬರುತ್ತದೆ, ಸರಿಯಾಗಿ ಕೊಯ್ಲಿನ ಹೊತ್ತಿಗೇ. ಎರಡು ವಾರ ಒಂಟಿತನದ ಅವಧಿಯನ್ನು ಅರ್ಧಕ್ಕೆ ಇಳಿಸಿ, ಬೆಳಗ್ಗೆ ಹೊರಡುವ ಮುನ್ನ ಇಪ್ಪತ್ತು ನಿಮಿಷ ಹಗ್ಗದಲ್ಲಿ ಮೂಸಲು ಬಿಟ್ಟು ದಣಿಸಿ. ಆಗಲೂ ಬಾಗಿಲು ಕೆರೆದು ಉಗುರಲ್ಲಿ ರಕ್ತ ಬರುವಷ್ಟು ಗಾಬರಿ ಇದ್ದರೆ ಪಶುವೈದ್ಯರಿಗೆ ವಿಡಿಯೋ ತೋರಿಸಿ. ಕೆಲವು ನಾಯಿಗಳಿಗೆ ಅಭ್ಯಾಸದ ಜೊತೆ ಔಷಧಿಯೂ ಬೇಕಾಗುತ್ತದೆ.