ಕೂಲರ್ ಮುಂದೆ ಸಿಕ್ಕ ಚಿಗಟ: ನನ್ನ ಅನುಭವ

ಕಲಬುರಗಿಯ ಮೇ ಬಿಸಿಲಿಗೆ ಚಿಗಟ ಉಳಿಯಲ್ಲ ಅಂತ ಎಲ್ಲರೂ ಹೇಳಿದರು. 43 ಡಿಗ್ರಿ ಬಿಸಿಲು. ನಾನೂ ಒಂದು ವರ್ಷ ಅದನ್ನೇ ನಂಬಿದೆ. ಅಷ್ಟರಲ್ಲಿ ಕೈಯಿಂದ ಹೋದದ್ದು ಹೆಚ್ಚುಕಮ್ಮಿ 14 ಸಾವಿರ.

ನನ್ನ ಹತ್ತಿರ ಎರಡು ಪೊಮೆರೇನಿಯನ್ ಇವೆ. ಕೆರೆತ ಗಂಡಿಗೆ ಮಾತ್ರ, ಹೆಣ್ಣು ಆರಾಮಾಗಿತ್ತು. ಗಂಡಿನ ಬಾಲದ ಬುಡದಿಂದ ಸೊಂಟದವರೆಗೆ ಕೂದಲು ಉದುರಿ, ಚರ್ಮ ಕಪ್ಪಗೆ ದಪ್ಪವಾಗಿತ್ತು. ರಾತ್ರಿ ಮುಂದಿನ ಹಲ್ಲಿನಿಂದ ಟಕಟಕ ಅಂತ ಕಚ್ಚಿಕೊಳ್ಳೋ ಸದ್ದಿಗೆ ನಮ್ಮ ನಿದ್ದೆ ಹೋಗುತ್ತಿತ್ತು. "ಚಿಗಟ ಇದ್ದಿದ್ರ ಎರಡಕ್ಕೂ ಕಡೀತಿದ್ವಲ್ಲೋ" ಅಂದಳು ಅವ್ವ. ಸರಿ ಅನಿಸಿತು, ಅಲ್ವಾ?

ಮೊದಲು ಸ್ಟೆರಾಯ್ಡ್ ಮಾತ್ರೆ. ಮೂರೇ ದಿನಕ್ಕೆ ಕೆರೆತ ನಿಂತಿತು. ಆದರೆ ನಾಯಿ ಬಟ್ಟಲುಗಟ್ಟಲೆ ನೀರು ಕುಡಿದು ಮನೆಯೆಲ್ಲ ಒದ್ದೆ ಮಾಡಿತು. ಮಾತ್ರೆ ನಿಲ್ಲಿಸಿದ ವಾರಕ್ಕೆ ಮತ್ತೆ ಶುರು. ಚರ್ಮ ಕೆರೆದು ಎರಡು ಸಲ ನೋಡಿಸಿದೆ, ಕಜ್ಜಿ ಹುಳ ಸಿಗಲಿಲ್ಲ. ಬೇವಿನೆಲೆ ನೀರಲ್ಲಿ ಮೀಯಿಸಿದೆ, ಚರ್ಮ ಇನ್ನೂ ಒಣಗಿತು. ಆಮೇಲೆ ಕೋಳಿ ಉಷ್ಣ ಅಂದರು. ಎಂಟು ವಾರ ಬರೀ ಅನ್ನ, ಕುರಿ ಮಾಂಸ. ಐದನೇ ವಾರ ಅಕ್ಕನ ಮಗ ಬಿಸ್ಕತ್ತು ತಿನ್ನಿಸಿದ, ಮತ್ತೆ ಮೊದಲಿಂದ ಎಣಿಸಿದೆ. ಮಾಂಸಕ್ಕೇ ಐದಾರು ಸಾವಿರ ಹೋಯಿತು. ನಾಯಿ ದಪ್ಪಗಾಯಿತು, ಕೆರೆತ ಹಾಗೇ ಇತ್ತು.

ಜೀವನಪೂರ್ತಿ ದಿನಾ ಒಂದು ಮಾತ್ರೆ ಅಂತ ಒಬ್ಬರು ಹೇಳಿದ ದಿನ ನಾನೇ ಹಣಿಗೆ ಹಿಡಿದು ಕೂತೆ. ಹೇನು ತೆಗೆಯೋ ಸಣ್ಣ ಹಲ್ಲಿನದು. ಬಾಲದ ಬುಡದಲ್ಲಿ ಬಾಚಿ, ಉದುರಿದ್ದನ್ನು ಒದ್ದೆ ಬಿಳಿ ಕಾಗದದ ಮೇಲೆ ಕೊಡವಿದೆ. ಸಾಸಿವೆಗಿಂತ ಸಣ್ಣ ಕಪ್ಪು ಚೂರುಗಳು. ಒಂದು ನಿಮಿಷದಲ್ಲಿ ಒಂದೊಂದರ ಸುತ್ತ ತುಕ್ಕಿನ ಬಣ್ಣ ಹರಡಿತು. ಮಣ್ಣಾಗಿದ್ದರೆ ಹಾಗೆ ಹರಡಲ್ಲ. ಅದು ಚಿಗಟದ ಹಿಕ್ಕೆ, ಅಂದರೆ ನಾಯಿಯ ರಕ್ತವೇ. ಜೀವಂತ ಚಿಗಟ ಒಂದೂ ಸಿಗಲಿಲ್ಲ. ಕೆರೆತ ಇರೋ ನಾಯಿ ತಾನೇ ನೆಕ್ಕಿ ನುಂಗಿಬಿಡುತ್ತೆ. ಚಿಗಟದ ಜೊಲ್ಲಿಗೆ ಅಲರ್ಜಿ ಇದ್ದರೆ ನಾಲ್ಕು ಕಡಿತ ಸಾಕು. ಹೆಣ್ಣಿಗೆ ಆ ಅಲರ್ಜಿ ಇಲ್ಲ, ಅಷ್ಟೇ.

ಈ ಬಿಸಿಲಲ್ಲಿ ಎಲ್ಲಿಂದ ಬಂತು? ಉತ್ತರ ಕೂಲರ್ ಮುಂದೆಯೇ ಇತ್ತು. ನಮ್ಮದು ಶಹಾಬಾದ್ ಕಲ್ಲಿನ ನೆಲ, ಸಂದಿಯ ಸಿಮೆಂಟ್ ಎದ್ದುಹೋಗಿತ್ತು. ಹೊರಗೆ ಬೆಂಕಿ, ಕೂಲರ್ ಮುಂದೆ ಮಳೆಗಾಲ. ನಾಯಿ ಮಲಗೋದೂ ಅಲ್ಲೇ. ಮೊಟ್ಟೆ, ಮರಿ ಎಲ್ಲ ಆ ತಂಪು ಸಂದಿಯಲ್ಲೇ ಬೆಳೆಯುತ್ತಿದ್ದವು. ರಾತ್ರಿ ಬಲ್ಬಿನ ಕೆಳಗೆ ಸೋಪು ನೀರಿನ ತಟ್ಟೆ ಇಟ್ಟೆ. ಬೆಳಿಗ್ಗೆ ಏಳೆಂಟು ತೇಲುತ್ತಿದ್ದವು. ಕೂಲರ್ ಇಲ್ಲದ ಹಿಂದಿನ ಕೋಣೆಯಲ್ಲಿ ಒಂದೂ ಇಲ್ಲ. ಸುಮ್ನೆ ಎಲ್‌ಇಡಿ ಹಾಕಿಯೂ ನೋಡಿದೆ, ಒಂದೆರಡೇ ಬಿದ್ದವು. ಹಳೆ ಬುರುಡೆ ಬಲ್ಬಿನ ಬಿಸಿಗೆ ಜಾಸ್ತಿ ಬರುತ್ತವೆ.

ತೊಗರಿ ಚೀಲದ ಹಿಂದೆ ಬೆಕ್ಕೊಂದು ಮರಿ ಹಾಕಿತ್ತು. ಮೂಲ ಅದೇ. ಒಂದು ಎಚ್ಚರ: ಪರ್ಮೆಥ್ರಿನ್ ಅನ್ನೋ ಕೀಟನಾಶಕ ಇರೋ ನಾಯಿಯ ಔಷಧ ಬೆಕ್ಕಿಗೆ ಹಾಕಬೇಡಿ, ಸಾಯಲೂಬಹುದು. ಬೆಕ್ಕಿಗೆ ಬೆಕ್ಕಿನದೇ ತಂದೆ.

ಎರಡೂ ನಾಯಿಗೆ ತೂಕ ನೋಡಿ ತಿಂಗಳಿಗೊಂದು ಚಿಗಟದ ಮಾತ್ರೆ, ಡಾಕ್ಟರನ್ನು ಕೇಳಿಯೇ ಕೊಟ್ಟೆ. ದಿನ ಬಿಟ್ಟು ದಿನ ಸಂದಿಗೆ ವ್ಯಾಕ್ಯೂಮ್ ಹಿಡಿದೆ. ರೇಷ್ಮೆಹುಳದ ಹಾಗೆ ಗೂಡು ಸುತ್ತಿಕೊಂಡಿರೋ ಚಿಗಟಕ್ಕೆ ಔಷಧ ನಾಟಲ್ಲ, ವ್ಯಾಕ್ಯೂಮಿನ ಅದುರಿಗೆ ಹೊರಗೆ ಬರುತ್ತೆ. ಮೇಸ್ತ್ರಿ ಸಂದಿ ತುಂಬಲು 1,200 ತಗೊಂಡ. ತುಂಬೋ ಮೊದಲು ಸಂದಿಗೆ ಏನು ಹಾಕಿದೆ ಅನ್ನೋದು ಮಾತ್ರ ನನ್ನ ಹತ್ತಿರವೇ ಇರಲಿ.

ಮೊದಲ ತಿಂಗಳು ಕೆರೆತ ನಿಲ್ಲಲಿಲ್ಲ, "ನೋಡಿದೆಯಾ?" ಅಂದವರು ಬಹಳ. ಆರನೇ ವಾರದ ಹೊತ್ತಿಗೆ ರಾತ್ರಿಯ ಟಕಟಕ ನಿಂತಿತು. ಈಗ ಸೊಂಟದ ಮೇಲೆ ಬೆರಳುದ್ದ ಕೂದಲು ಬಂದಿದೆ. ಒಳಗಿನ ಮೆತ್ತನೆ ಕೂದಲು ಇನ್ನೂ ತುಂಬಬೇಕು. ಭಾನುವಾರ ಭಾನುವಾರ ಕಾಗದ ಒದ್ದೆ ಮಾಡಿ, ಹಣಿಗೆ ಹಿಡಿದು ಕೂರುತ್ತೇನೆ.