5 ಜಾಗ, 9 ಕಾರು: ನಮ್ಮ ಪಾರ್ಕಿಂಗ್ ಹರಾಜು

ನಮ್ಮ ಅಪಾರ್ಟ್‌ಮೆಂಟಿನಲ್ಲಿ ಸಂಘದ ಕೈಯಲ್ಲಿರುವ ಪಾರ್ಕಿಂಗ್ ಜಾಗ 5, ಎಲ್ಲ ಒಂದೇ ತರದವು. ಎರಡನೇ ಕಾರು ಇರುವ ಮನೆ 9. ನಾನು ಕಾರ್ಯದರ್ಶಿಯಾದ ವರ್ಷ, ಬಾಡಿಗೆಗೆ ಹರಾಜು ಹಾಕೋಣ ಎಂದೆ.

ಮೊದಲ ಸಲ ಟೆರೇಸಿನಲ್ಲಿ ಕೂಗು ಹರಾಜು. ಮೂರನೇ ಮಹಡಿಯ ಮೇಷ್ಟ್ರು ತಿಂಗಳಿಗೆ 600 ಎಂದರು. ಮಕ್ಕಳನ್ನು ಅವರ ಹತ್ತಿರ ಪಾಠಕ್ಕೆ ಕಳಿಸುವ ಇಬ್ಬರು ತಲೆ ತಗ್ಗಿಸಿ ಮೊಬೈಲ್ ನೋಡತೊಡಗಿದರು. ಅವರಲ್ಲೊಬ್ಬರು ದಿನಾ ರಾತ್ರಿ ಎರಡು ಬೀದಿ ಆಚೆ ಕಾರು ನಿಲ್ಲಿಸಿ ನಡೆದು ಬರುವವರು. 1000 ಕೊಡಲೂ ತಯಾರಿದ್ದೆ ಅಂತ ಆಮೇಲೆ ಲಿಫ್ಟಿನಲ್ಲಿ ಹೇಳಿದರು. ಜಾಗದ ಬೆಲೆ ಗೊತ್ತಾಗಲಿಲ್ಲ, ಯಾರ ಮುಲಾಜು ಯಾರಿಗಿದೆ ಅನ್ನೋದು ಗೊತ್ತಾಯಿತು.

ಮರುವರ್ಷ ಮುಚ್ಚಿದ ಲಕೋಟೆ, ಬರೆದಷ್ಟು ಕೊಡಬೇಕು. ವಾರವಿಡೀ ಮೆಟ್ಟಿಲ ಮೇಲೆ 'ನೀವೆಷ್ಟು ಬರೀತೀರಿ ಸಾರ್?' ಉತ್ತರವೆಲ್ಲ ಸುಳ್ಳು. 1400 ಬರೆದವರ ಪಕ್ಕದ ಜಾಗ 720ಕ್ಕೆ ಹೋಯಿತು. ಅವರು ನನ್ನ ಜೊತೆ ಮೂರು ತಿಂಗಳು ಮಾತು ಬಿಟ್ಟರು.

ಆಗ ಅರ್ಥಶಾಸ್ತ್ರಜ್ಞ ವಿಲಿಯಂ ವಿಕ್ರಿ 1961ರಲ್ಲಿ ಹರಾಜಿನ ಬಗ್ಗೆ ಬರೆದದ್ದರ ಮೊರೆ ಹೋದೆ. (1996ರಲ್ಲಿ ನೊಬೆಲ್ ಘೋಷಣೆಯಾದ ಮೂರೇ ದಿನಕ್ಕೆ ತೀರಿಕೊಂಡರು, ಪಾಪ.) ಹೆಚ್ಚು ಬರೆದ 5 ಮಂದಿಗೆ ಜಾಗ, ಎಲ್ಲರೂ ಕೊಡುವುದು 6ನೆಯವರು ಬರೆದ ಮೊತ್ತ. ನೀವು ಬರೆಯುವ ಅಂಕಿ ಜಾಗ ಸಿಗುತ್ತದೋ ಇಲ್ಲವೋ ಅನ್ನುವುದನ್ನಷ್ಟೇ ತೀರ್ಮಾನಿಸುತ್ತದೆ, ಗೆದ್ದರೆ ಬಾಡಿಗೆಯನ್ನಲ್ಲ. ಹಾಗಾಗಿ ಮನಸ್ಸಿನಲ್ಲಿರುವುದನ್ನೇ ಬರೆಯಬಹುದು.

'ಸಂಘಕ್ಕೆ ನಷ್ಟ ಅಲ್ವೇನಪ್ಪಾ?' ಅಂದರು ಮೇಷ್ಟ್ರು. ಬರೆದಷ್ಟು ಕೊಡಿ ಅಂದಾಗ ಯಾರು ನಿಜ ಬರೆದರು, ನೀವೇ ಹೇಳಿ ಮೇಷ್ಟ್ರೇ, ಅಂದೆ. ಎಲ್ಲರೂ ಮಾತಾಡಿಕೊಂಡು ಚಿಲ್ಲರೆ ಬರೆದರೆ ಅಂತ 500 ಕನಿಷ್ಠ ದರ ಇಟ್ಟೆ.

ಪೀಕಲಾಟ ಆಮೇಲೆ ಶುರುವಾಯಿತು. ಲಕೋಟೆ ನಾನೊಬ್ಬನೇ ಒಡೆದರೆ 6ನೇ ಅಂಕಿ ನಾನೇ ಹುಟ್ಟಿಸಿದೆ ಅನ್ನುತ್ತಾರೆ. ಎಲ್ಲರೆದುರು ಒಡೆದರೆ, 'ಪಾರ್ಕಿಂಗಿಗೆ 2000 ಬರೆದವರಿಗೆ ಪೇಂಟಿಂಗ್ ದುಡ್ಡು ಭಾರವಾ?' ಎಂದು ಮುಂದಿನ ಮೀಟಿಂಗಿನಲ್ಲಿ ಚುಚ್ಚುತ್ತಾರೆ. ಕೊನೆಗೆ ಚೀಟಿಯಲ್ಲಿ ಹೆಸರೇ ಬೇಡ ಎಂದೆ. ತಾವೇ ಆರಿಸಿದ ನಾಲ್ಕಂಕಿಯ ಗುರುತು ಸಾಕು. 9 ಗುರುತು, 9 ಮೊತ್ತ ಬೋರ್ಡಿನ ಮೇಲೆ. ತಮ್ಮದು ಇದೆಯಾ ಅಂತ ಅವರವರೇ ನೋಡಿಕೊಳ್ಳುವುದು. ಗೆದ್ದವರು ಆಮೇಲೆ ಒಬ್ಬೊಬ್ಬರೇ ಬಂದು ಗುರುತು ಹೇಳಬೇಕು. ನನಗೆ ಗೊತ್ತಾಗುತ್ತದೆ, ನಿಜ. ಅಷ್ಟು ನಂಬಬೇಕು.

ಆದರೂ ಚೀಟಿ ಎತ್ತಿ ತೋರಿಸಿದಾಗ ಹಿಂದಿನಿಂದ ಯಾರೋ ಕೈಬರಹ ನೋಡಿ, 'ಆ 8 ಮೇಷ್ಟ್ರದ್ದೇ' ಅಂದುಬಿಟ್ಟರು. ಈ ವರ್ಷ 50ರ ಹೆಚ್ಚಳದಲ್ಲಿ ಮೊತ್ತ, 0ಯಿಂದ 9ರ ತನಕ ಗುರುತಿನ ಅಂಕಿ, ಎರಡನ್ನೂ ಚೀಟಿಯಲ್ಲಿ ಅಚ್ಚು ಹಾಕಿಸಿ, ಬರೆಯುವ ಬದಲು ಬೇಕಾದ ಅಂಕಿಗೆ ಸುತ್ತು ಹಾಕಿಸಿದೆ.