ಮೈನಸ್ 30ರ ಚಳಿಗೆ ಚಿಕ್ಕ ಕಾರು: ಮೊದಲು ಮೀಟರ್, ಆಮೇಲೆ ಮಿಕ್ಕಿದ್ದು

ಕೆನಡಾಕ್ಕೆ ಬಂದ ಹೊಸದರಲ್ಲಿ ನಮ್ಮವರು ಕೊಳ್ಳುವ ಮೊದಲ ಕಾರು ಸಾಮಾನ್ಯವಾಗಿ ಚಿಕ್ಕದು, ಸೆಕೆಂಡ್ ಹ್ಯಾಂಡ್, ಪೆಟ್ರೋಲ್ ಕಡಿಮೆ ಕುಡಿಯುವಂಥದ್ದು. ಮೈಕ್ರಾ, ಮಿರಾಜ್, ಯಾರಿಸ್, ಫಿಟ್. ತಪ್ಪೇನಿಲ್ಲ, ಒಳ್ಳೆ ಗಾಡಿಗಳೇ. ನಿಸ್ಸಾನ್ ಮೈಕ್ರಾ 2014ರಲ್ಲಿ ಇಲ್ಲಿಗೆ ಬಂದಾಗ ಶುರುವಿನ ಬೆಲೆ 9,998 ಡಾಲರ್, ಆ ಬೆಲೆಗೆ ಎಸಿ ಇಲ್ಲ, ಕಿಟಕಿ ಗಾಜು ಕೈಯಲ್ಲೇ ತಿರುಗಿಸಬೇಕು. ಎಸಿ ಇಲ್ಲದಿದ್ದರೆ ಮ್ಯಾನಿಟೋಬ ಪ್ರಾಂತ್ಯದ ವಿನಿಪೆಗ್‌ನಲ್ಲಿ ಏಳೆಂಟು ತಿಂಗಳು ಯಾರಿಗೂ ಗೊತ್ತೂ ಆಗಲ್ಲ ಬಿಡಿ. ಕಷ್ಟ ಇರುವುದು ಜನವರಿಯಲ್ಲಿ. ರಾತ್ರಿ ಮೈನಸ್ 20 ಅನ್ನುವುದು ಮಾಮೂಲು, ಮೈನಸ್ 30 ದಾಟುವ ರಾತ್ರಿಗಳೂ ಇರುತ್ತವೆ.

ಅಕ್ಟೋಬರ್ ಬಂದರೆ ಅಂಗಡಿಗೆ ಹೋಗಿ ಕಂಡಿದ್ದೆಲ್ಲ ತುಂಬಿಕೊಂಡು ಬರುವುದು ಸುಲಭ. ಸೀಟ್ ಕವರು, ಸ್ಟೀರಿಂಗ್ ಕವರು, 12 ವೋಲ್ಟಿನ ಪುಟಾಣಿ ಹೀಟರು (ಇದಂತೂ ಶುದ್ಧ ದಂಡ, ಬೆರಳು ಕೂಡ ಬೆಚ್ಚಗಾಗಲ್ಲ). ಅದರ ಬದಲು ಕಾರಿಗೆ ಏನು ಬೇಕು ಅಂತ ಕಾರನ್ನೇ ಕೇಳಿ. ಕೇಳುವುದಕ್ಕೆ ಇಪ್ಪತ್ತು ಮೂವತ್ತು ಡಾಲರಿನ ಒಂದು ಸಾಧನ ಸಾಕು, ಅದೇ ನಮ್ಮ ಮೀಟರ್.

ಚಿಕ್ಕ ಕಾರುಗಳಲ್ಲಿ ಎಷ್ಟೋ ಸಲ ಟೆಂಪರೇಚರ್ ಮುಳ್ಳೇ ಇರುವುದಿಲ್ಲ. ಎಂಜಿನ್ ತಣ್ಣಗಿದ್ದರೆ ನೀಲಿ ದೀಪ, ಅತಿಯಾಗಿ ಕಾದರೆ ಕೆಂಪು ದೀಪ, ಅಷ್ಟೇ. ನಡುವೆ ಏನು ನಡೀತಿದೆ ಅಂತ ದೇವರಿಗೇ ಗೊತ್ತು. ಆದರೆ ಕಾರಿನ ಕಂಪ್ಯೂಟರಿಗೆ ಎಲ್ಲ ಗೊತ್ತಿರುತ್ತದೆ. ಸ್ಟೀರಿಂಗ್ ಕೆಳಗೆ, ಎಡ ಮೊಣಕಾಲಿನ ಹತ್ತಿರ ಕೈ ಹಾಕಿ ನೋಡಿ, 16 ಪಿನ್ನಿನ ಒಂದು ಸಾಕೆಟ್ ಸಿಗುತ್ತದೆ. ಅದೇ ಓಬಿಡಿ ಪೋರ್ಟ್, ಕಾರಿನ ಕಂಪ್ಯೂಟರಿನಿಂದ ಮಾಹಿತಿ ಓದುವ ಜಾಗ. ಅಮೆರಿಕದಲ್ಲಿ 1996ರ ಮಾಡೆಲಿನಿಂದಲೇ ಇದು ಕಡ್ಡಾಯ, ಹಾಗಾಗಿ ಈಗ ನೀವು ಕೊಳ್ಳುವ ಕಾರಿನಲ್ಲೂ ಇದ್ದೇ ಇರುತ್ತದೆ.

ಅದಕ್ಕೆ ಚುಚ್ಚುವ ಬ್ಲೂಟೂತ್ ಅಡಾಪ್ಟರಿಗೆ ಇಎಲ್ಎಂ327 ಅಂತ ಹೆಸರು. ಐಫೋನ್ ಇದ್ದವರು ಹಳೇ ಬ್ಲೂಟೂತಿನದು ತಗೋಬೇಡಿ, ಕೂಡಿಕೊಳ್ಳುವುದಿಲ್ಲ. ಬಿಎಲ್ಇ (ಕಡಿಮೆ ಕರೆಂಟ್ ಬಳಸುವ ಹೊಸ ಬಗೆಯ ಬ್ಲೂಟೂತ್) ಅಂತ ಬರೆದಿರುವುದು ಅಥವಾ ವೈಫೈಯದ್ದು ಬೇಕು. ಇನ್ನೊಂದು, ತೀರಾ ಅಗ್ಗದ ನಕಲಿಗಳ ಮೇಲೆ ವರ್ಷನ್ 2.1 ಅಂತ ದೊಡ್ಡದಾಗಿ ಬರೆದಿರುತ್ತದೆ. ದೊಡ್ಡ ನಂಬರ್ ಅಂದ್ರೆ ಹೊಸದು, ಚೆನ್ನಾಗಿರತ್ತೆ ಅಂದುಕೊಳ್ಳಬೇಡಿ. ಅದರಲ್ಲಿ ಬಹಳಷ್ಟಕ್ಕೆ ಎಷ್ಟೋ ಆದೇಶಗಳೇ ಅರ್ಥವಾಗುವುದಿಲ್ಲ. ಆಂಡ್ರಾಯ್ಡ್‌ಗೆ ಟಾರ್ಕ್ ಆ್ಯಪ್, ಐಫೋನಿಗೆ ಓಬಿಡಿ ಫ್ಯೂಷನ್ ಸಾಕು. ಫೋನಿನ ಗೋಜೇ ಬೇಡ ಅನ್ನುವವರಿಗೆ ಸ್ಕ್ಯಾನ್‌ಗೇಜ್ ಅಂತ ಪುಟ್ಟ ಪರದೆ ಬರುತ್ತದೆ, ಒಟ್ಟಿಗೆ ನಾಲ್ಕು ಅಂಕಿ ತೋರಿಸುತ್ತದೆ, ದುಡ್ಡು ಮಾತ್ರ ಜಾಸ್ತಿ.

ಹಾಕುವಾಗ ಎರಡು ಮಾತು ನೆನಪಿರಲಿ. ಚಳಿಗಾಲದ ದಪ್ಪ ಬೂಟು ಹಾಕಿಕೊಂಡು ಹತ್ತುವಾಗ ಮೊಣಕಾಲು ಸೀದಾ ಅಡಾಪ್ಟರಿಗೆ ಬಡಿಯುತ್ತದೆ, ಪೋರ್ಟೇ ಮುರಿದರೆ ಆಮೇಲೆ ದೊಡ್ಡ ಖರ್ಚು, ಅದಕ್ಕೆ ಒಂದಡಿ ಎಕ್ಸ್‌ಟೆನ್ಷನ್ ಕೇಬಲ್ ಹಾಕಿ ಅಡಾಪ್ಟರನ್ನು ಮೇಲಕ್ಕೆ ಸಿಗಿಸಿಬಿಡಿ. ಮತ್ತೆ, ಕಾರು ಆಫ್ ಆದರೂ ಆ ಸಾಕೆಟಿಗೆ ಕರೆಂಟ್ ಬರುತ್ತಲೇ ಇರುತ್ತದೆ. ರಾತ್ರಿಯಿಡೀ ಬಿಟ್ಟರೆ ಬ್ಯಾಟರಿಯನ್ನು ಸ್ವಲ್ಪ ಸ್ವಲ್ಪ ಹೀರುತ್ತದೆ. ಸ್ವಿಚ್ ಇರುವುದು ತಗೊಳ್ಳಿ, ಇಲ್ಲಾಂದ್ರೆ ಕಿತ್ತಿಡಿ.

ಈಗ ಯಾವ ಅಂಕಿ ನೋಡಬೇಕು? ಆ್ಯಪಿನಲ್ಲಿ ನೂರೆಂಟು ಬರುತ್ತದೆ, ಚಳಿಗಾಲಕ್ಕೆ ಎರಡೇ ಸಾಕು: ವೋಲ್ಟೇಜು ಮತ್ತು ಕೂಲೆಂಟ್ ಟೆಂಪರೇಚರು (ಕೂಲೆಂಟ್ ಅಂದರೆ ಎಂಜಿನ್ ಒಳಗೆ ಹರಿದು ಅದರ ಬಿಸಿ ಹೊತ್ತೊಯ್ಯುವ ದ್ರವ).

ಬೆಳಿಗ್ಗೆ ಸ್ಟಾರ್ಟ್ ಮಾಡುವ ಮುಂಚೆ ವೋಲ್ಟೇಜ್ ನೋಡಿ. 12.6 ಇದ್ದರೆ ಬ್ಯಾಟರಿ ತುಂಬಿದೆ. 12.2 ಅಂದ್ರೆ ಹೆಚ್ಚೂಕಡಿಮೆ ಅರ್ಧ ಖಾಲಿ. ಸ್ಟಾರ್ಟ್ ಆದಮೇಲೆ 14ರ ಆಸುಪಾಸು ಬಂದರೆ ಬ್ಯಾಟರಿಯನ್ನು ಚಾರ್ಜ್ ಮಾಡುವ ಆಲ್ಟರ್ನೇಟರ್ ಸರಿಯಾಗಿದೆ. ಮೈನಸ್ 18ಕ್ಕೆ ಬರುವಷ್ಟರಲ್ಲಿ ಬ್ಯಾಟರಿಯ ತಾಕತ್ತು ಸುಮಾರು ಅರ್ಧಕ್ಕೆ ಇಳಿದಿರುತ್ತದೆ, ಅದೇ ಹೊತ್ತಿಗೆ ಎಂಜಿನ್ ಆಯಿಲ್ ಚಳಿಗೆ ಗಟ್ಟಿಯಾದ ತುಪ್ಪದ ಹಾಗೆ ಕೂತಿರುತ್ತದೆ, ಅಂದರೆ ಶಕ್ತಿ ಕಡಿಮೆ, ಕೆಲಸ ಜಾಸ್ತಿ. ಹತ್ತು ನಿಮಿಷದ ಆಫೀಸಿಗೆ ಹೀಟರು, ಲೈಟು, ಹಿಂದಿನ ಗಾಜಿನ ಡಿಫ್ರಾಸ್ಟ್ ಎಲ್ಲ ಹಾಕಿಕೊಂಡು ಹೋಗಿ ಬಂದರೆ ಬ್ಯಾಟರಿ ತುಂಬುವುದೇ ಇಲ್ಲ. ಬೆಳಿಗ್ಗೆಯ ಅಂಕಿ ದಿನೇದಿನೇ ಇಳಿಯುವುದು ಕಣ್ಣಿಗೇ ಕಾಣುತ್ತದೆ. ಆಗ ವಾರಕ್ಕೊಂದು ರಾತ್ರಿ ಚಾರ್ಜರ್ ಹಾಕಿ. ಚಾರ್ಜ್ ಮಾಡಿದ ಮರುದಿನವೂ 12.4 ಮುಟ್ಟದಿದ್ದರೆ ಹೊಸ ಬ್ಯಾಟರಿಯೇ ಸರಿ, ನಿಮ್ಮ ಅಳತೆಗೆ ಸಿಗುವುದರಲ್ಲಿ ಸಿಸಿಎ ಅಂಕಿ ಹೆಚ್ಚಿರುವುದನ್ನು ಆರಿಸಿ. ಸಿಸಿಎ ಅಂದರೆ ಮೈನಸ್ 18ರಲ್ಲಿ ಎಷ್ಟು ಆಂಪಿಯರ್ ಕೊಡಬಲ್ಲದು ಅನ್ನುವ ಲೆಕ್ಕ. ಲಿಥಿಯಂ ಜಂಪ್ ಸ್ಟಾರ್ಟರ್ ಕೊಂಡರೆ ಅದನ್ನು ಡಿಕ್ಕಿಯಲ್ಲಿ ಬಿಡಬೇಡಿ, ಚಳಿಗೆ ಅದೂ ಮಲಗಿಬಿಡುತ್ತದೆ. ಮನೆಯೊಳಗೆ ಇಟ್ಟು, ಬೇಕಾದಾಗ ಜಾಕೆಟ್ಟಿನ ಒಳಜೇಬಿನಲ್ಲಿ ತನ್ನಿ.

ಕೂಲೆಂಟ್ ಅಂಕಿ ಇನ್ನೂ ಮಜಾ. ಮೈನಸ್ 25ರಲ್ಲಿ ಕಾರನ್ನು ನಿಂತಲ್ಲೇ ಓಡಿಸಿ, ಹೀಟರ್ ಫ್ಯಾನನ್ನು ಪೂರ್ತಿ ಹಾಕಿ ಆ ಅಂಕಿಯನ್ನೇ ನೋಡುತ್ತಾ ಕೂತುಕೊಳ್ಳಿ. 30, 35, 36, ಆಮೇಲೆ ಅಲ್ಲೇ ತೆವಳುತ್ತದೆ, ಕೆಲವೊಮ್ಮೆ ಕೆಳಗೂ ಇಳಿಯುತ್ತದೆ. ಚಿಕ್ಕ ಎಂಜಿನ್ ಐಡಲ್‌ನಲ್ಲಿ ಹುಟ್ಟಿಸುವ ಬಿಸಿಯನ್ನೆಲ್ಲ ಹೀಟರೇ ಕಿತ್ತುಕೊಳ್ಳುತ್ತಿರುತ್ತದೆ. ಅರ್ಧ ಗಂಟೆ ನಿಲ್ಲಿಸಿ ಬೆಚ್ಚಗೆ ಮಾಡ್ತೀನಿ ಅನ್ನೋದು ಸುಮ್ನೆ ಪೆಟ್ರೋಲ್ ಖರ್ಚು. ಗಾಜಿನ ಮೇಲಿನ ಐಸು ಕೆರೆದು, ಒಂದೆರಡು ನಿಮಿಷ ಬಿಟ್ಟು, ಗಾಜು ಮಂಜಾಗದಷ್ಟು ಮಾತ್ರ ಫ್ಯಾನ್ ಇಟ್ಟು ನಿಧಾನಕ್ಕೆ ಹೊರಡಿ. ಅಂಕಿ 50 ದಾಟಿದ ಮೇಲೆ ಫ್ಯಾನ್ ಏರಿಸಿ.

ಇದಕ್ಕೆ ನಿಜವಾದ ಮದ್ದು ಬ್ಲಾಕ್ ಹೀಟರ್. ವಿನಿಪೆಗ್‌ನಲ್ಲಿ ಕಾರಿನ ಮೂತಿಯಿಂದ ಪ್ಲಗ್ ನೇತಾಡುವುದನ್ನು ನೋಡಿ ಹೊಸಬರು ಎಲೆಕ್ಟ್ರಿಕ್ ಕಾರಾ ಅಂತ ಕೇಳುತ್ತಾರೆ, ಅಲ್ಲ, ಅದು ಎಂಜಿನ್ ಕಾಯಿಸುವ ಕಾಯಿಲ್. ಸೆಕೆಂಡ್ ಹ್ಯಾಂಡ್ ಕಾರಾದರೆ ಮೊದಲು ಬಾನೆಟ್ ಎತ್ತಿ ಹುಡುಕಿ, ಎಷ್ಟೋ ಸಲ ಹಾಕಿಸಿಯೇ ಇರುತ್ತಾರೆ, ವೈರು ಒಳಗೆಲ್ಲೋ ಸುತ್ತಿಕೊಂಡಿರುತ್ತದೆ. ಇಲ್ಲದಿದ್ದರೆ ಗ್ಯಾರೇಜಿನಲ್ಲಿ ಹಾಕಿಸಿ, ಸ್ವಂತ ಪ್ರಯೋಗ ಬೇಡ. ರಾತ್ರಿಯಿಡೀ ಹಾಕುವುದೂ ಬೇಡ. 400 ವಾಟಿನದು 12 ಗಂಟೆ ಉರಿದರೆ 4.8 ಯೂನಿಟ್, ಟೈಮರ್ ಇಟ್ಟು ಹೊರಡುವ ಮೂರು ಗಂಟೆ ಮುಂಚೆ ಆನ್ ಮಾಡಿದರೆ 1.2 ಯೂನಿಟ್. ಹೊರಗಿನ ಬಳಕೆಗೆ ಅಂತಲೇ ಮಾಡಿದ ಟೈಮರ್ ಮತ್ತು ದಪ್ಪ ವೈರನ್ನೇ ತನ್ನಿ. ಕೆಲಸ ಮಾಡಿದೆಯಾ ಅನ್ನೋದನ್ನು ಬೆಳಿಗ್ಗೆ ಕೂಲೆಂಟ್ ಅಂಕಿಯೇ ಹೇಳುತ್ತದೆ: ಹೊರಗೆ ಮೈನಸ್ 28 ಇದ್ದು ಅದೂ ಮೈನಸ್ 28 ತೋರಿಸಿದರೆ ಪ್ಲಗ್ಗಿಗೆ ಕರೆಂಟೇ ಬಂದಿಲ್ಲ, ಇಲ್ಲಾ ಹೀಟರ್ ಸತ್ತಿದೆ.

ಕಾರಿನ ಮುಂಭಾಗದ ಗ್ರಿಲ್ ಮುಚ್ಚುವುದು ಇಲ್ಲಿನ ಹಳೇ ಉಪಾಯ. ಹೈವೇಯಲ್ಲಿ ಮೈನಸ್ 25ರ ಗಾಳಿ ನುಗ್ಗಿ ಎಂಜಿನನ್ನು ಎಲ್ಲ ಕಡೆಯಿಂದ ತಣ್ಣಗೆ ಮಾಡುತ್ತದೆ. ಪೈಪಿಗೆ ಸುತ್ತುವ ಫೋಮ್ ತಂದು ಗ್ರಿಲ್ಲಿನ ಸಂದುಗಳಿಗೆ ಒತ್ತಿ ತುಂಬಿ, ಮೊದಲು ಅರ್ಧ ಮಾತ್ರ. ಮೀಟರ್ ಇಲ್ಲದೆ ಇದನ್ನು ಮಾಡಲೇಬೇಡಿ. ನಿಮ್ಮ ಕಾರಿನ ಮಾಮೂಲು ಅಂಕಿ, ಬಹಳ ಕಾರುಗಳಲ್ಲಿ 85ರಿಂದ 95, ಅದಕ್ಕಿಂತ ಮೇಲೆ ಏರುತ್ತಿದ್ದರೆ ತಕ್ಷಣ ಒಂದು ತುಂಡು ಕಿತ್ತುಹಾಕಿ. ಹೊರಗೆ ಸೊನ್ನೆ ಹತ್ತಿರ ಬಂದ ದಿನ ಪೂರ್ತಿ ತೆಗೆಯಿರಿ. ಗ್ರಿಲ್ ಮುಚ್ಚಿ, ಅರ್ಧ ಗಂಟೆ ಹೈವೇಯಲ್ಲಿ ಓಡಿಸಿದರೂ 70 ದಾಟದಿದ್ದರೆ ಥರ್ಮೋಸ್ಟಾಟ್ (ರೇಡಿಯೇಟರಿಗೆ ಹೋಗುವ ಕೂಲೆಂಟನ್ನು ತಡೆಯುವ, ಬಿಡುವ ಕವಾಟ) ತೆರೆದೇ ಸಿಕ್ಕಿಹಾಕಿಕೊಂಡಿರಬಹುದು. ಆ್ಯಪಿನಲ್ಲಿ ಪಿ0128 ಅನ್ನುವ ದೋಷದ ಕೋಡ್ ಬಂದರೂ ಮೊದಲ ಅನುಮಾನ ಅದರ ಮೇಲೇ. ಸಾಮಾನ್ಯವಾಗಿ ಸಣ್ಣ ರಿಪೇರಿಯೇ. ಮೆಕ್ಯಾನಿಕ್ ಹತ್ತಿರ ಹೋಗುವ ಮುಂಚೆ ಕೋಡ್ ಅಳಿಸಬೇಡಿ, ಅವರಿಗೂ ಅದೇ ಬೇಕು.

ಆಯಿಲ್ ವಿಷಯ ಬೇಗ ಮುಗಿಯುತ್ತದೆ: ಕಾರಿನ ಪುಸ್ತಕ ಒಪ್ಪಿದರೆ ಚಳಿಯಲ್ಲೂ ಸುಲಭವಾಗಿ ಹರಿಯುವ ಸಿಂಥೆಟಿಕ್ 0ಡಬ್ಲ್ಯೂ-20 ಹಾಕಿಸಿ. ಗಾಜು ತೊಳೆಯುವ ನೀರು ಮೈನಸ್ 40ರದ್ದೇ ಇರಲಿ. ಕೂಲೆಂಟು ಅರ್ಧಕ್ಕರ್ಧ ಬೆರೆಸಿದ್ದಾದರೆ ಮೈನಸ್ 37ರವರೆಗೆ ಹೆಪ್ಪುಗಟ್ಟುವುದಿಲ್ಲ, ಯಾರಾದರೂ ಬರೀ ನೀರು ಸುರಿದಿದ್ದಾರಾ ಅಂತ ಅಕ್ಟೋಬರಿನಲ್ಲೇ ಟೆಸ್ಟ್ ಮಾಡಿಸಿ.

ಟೈರಿನ ವಿಷಯ ಮಾತ್ರ ಈ ಮೀಟರ್ ಹೇಳಲ್ಲ, ಆದರೂ ದೊಡ್ಡ ಖರ್ಚು ಅಲ್ಲೇ ಮಾಡಿ. ಮೂರು ಶಿಖರದ ಬೆಟ್ಟ, ಅದರೊಳಗೆ ಹಿಮದ ಹರಳು, ಈ ಗುರುತು ಇರುವ ವಿಂಟರ್ ಟೈರು ನಾಲ್ಕೂ ಚಕ್ರಕ್ಕೆ. ಮುಂದೆ ಎರಡೇ ಹಾಕಿಸಿ ದುಡ್ಡು ಉಳಿಸಿದರೆ ತಿರುವಿನಲ್ಲಿ ಹಿಂಭಾಗ ಜಾರುತ್ತದೆ. ಮ್ಯಾನಿಟೋಬದಲ್ಲಿ ಇರುವವರು ಎಂಪಿಐ (ಪ್ರಾಂತ್ಯದ ಸರ್ಕಾರಿ ವಾಹನ ವಿಮಾ ಸಂಸ್ಥೆ) ಕೊಡುವ ವಿಂಟರ್ ಟೈರ್ ಸಾಲದ ಬಗ್ಗೆ ವಿಚಾರಿಸಿ, ಬಡ್ಡಿ ಕಡಿಮೆ. ಚಳಿಗೆ ಪ್ರತಿ ಐದಾರು ಡಿಗ್ರಿ ಇಳಿದಾಗ ಟೈರಿನ ಗಾಳಿಯ ಒತ್ತಡ ಸುಮಾರು 1 ಪಿಎಸ್ಐ ಇಳಿಯುತ್ತದೆ. ಸೆಪ್ಟೆಂಬರಿನಲ್ಲಿ ಪ್ಲಸ್ 15ರಲ್ಲಿ ತುಂಬಿಸಿದ್ದು ಮೈನಸ್ 25ಕ್ಕೆ ಏಳು ಪಿಎಸ್ಐ ಕಡಿಮೆಯಾಗಿರುತ್ತದೆ, ಹೊರಡುವ ಮುಂಚೆ, ಟೈರ್ ತಣ್ಣಗಿರುವಾಗಲೇ ನೋಡಿ ತುಂಬಿಸಿ.